ಅಳೆಯುವವರಿಗೂ ಒಂದು ಅಳತೆ

ತುಮಕೂರು ತಾಲ್ಲೂಕಿನ ಊರ್ಡಿಗೆರೆ ಒಂದು ಹೋಬಳಿ ಕೇಂದ್ರ. ಅದಕ್ಕೆ ಸಮೀಪದಲ್ಲೇ ದೇವರಾಯನದುರ್ಗದ ಬೆಟ್ಟಸಾಲು. ಈ ಬೆಟ್ಟಗಳಿಗೆ ಒಂದು ವಿಶೇಷವಿದೆ. ಜಯಮಂಗಲಿ ಮತ್ತು ಶಿಂಷಾ ಎರಡೂ ಇಲ್ಲಿಯೇ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅಂದರೆ ಬೆಟ್ಟದ ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ಬೇರೆ ಬೇರೆ ನದಿಗಳ ಪಾಲಾಗುತ್ತವೆ. ಇಂಥ ಕಡೆ ಮಳೆ ಎಲ್ಲಿ ಬಿತ್ತು, ಎಷ್ಟು ಬಿತ್ತು, ಯಾವಾಗ ಬಿತ್ತು ಎಂಬುದನ್ನು ಅಳೆಯದೆ ಯಾವ ಲೆಕ್ಕವೂ ನಿಲ್ಲದು.

ಬಹುಕಾಲ ಈ ಅಳತೆ ದಿನಕ್ಕೆ ಒಂದೇ ಬಾರಿ ನಡೆಯುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿನ ಪಾತ್ರೆಗೆ ಸುರಿದು, ಹಿಂದಿನ 24 ಗಂಟೆಗಳ ಮಳೆಯನ್ನು ಪುಸ್ತಕದಲ್ಲಿ ಬರೆಯುವುದು ಕ್ರಮ. 1988ರಲ್ಲಿ ನಮ್ಮ ರಾಜ್ಯದಲ್ಲಿ ಬರ ಉಸ್ತುವಾರಿ ಘಟಕ ಆರಂಭವಾಯಿತು. ದೇಶದಲ್ಲಿ ಇಂಥದ್ದು ಇದೇ ಮೊದಲು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಮುಂದಿನ ವರ್ಷಗಳಲ್ಲಿ ಈ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸುಮಾರು 6,500 ದೂರಮಾಪನ ಮಳೆಮಾಪಕಗಳನ್ನು ನೆಟ್ಟಿತು. ಸೌರಫಲಕದ ವಿದ್ಯುತ್ತಿನಿಂದ ನಡೆಯುವ ಈ ಸಾಧನಗಳು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಯಲಹಂಕದ ಕೇಂದ್ರಕ್ಕೆ ಮಳೆಯ ಲೆಕ್ಕ ಕಳುಹಿಸುತ್ತವೆ.

ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ದಿನಕ್ಕೆ 15 ನಿಮಿಷದ 96 ಅವಧಿಗಳು. 6,500ರಿಂದ ಗುಣಿಸಿದರೆ ದಿನಕ್ಕೆ 6,24,000 ಸಂದೇಶಗಳು. ‘ಹದಿನೈದು ನಿಮಿಷ ಏಕೆ? ನಿಮಿಷಕ್ಕೊಮ್ಮೆ ಕಳುಹಿಸಿದರೆ ಇನ್ನೂ ಒಳ್ಳೆಯದಲ್ಲವೇ?’ ಎಂದು ನಿಮ್ಮ ತರಗತಿಯ ಚುರುಕು ಹುಡುಗಿಯೊಬ್ಬಳು ಕೇಳದೆ ಇರಲಾರಳು. ಹಾಗೆ ಮಾಡಿದರೆ ಸಂಖ್ಯೆ 93,60,000ಕ್ಕೆ ಏರುತ್ತದೆ. ಅಷ್ಟನ್ನು ಹೊರುವ ಜಾಲ, ಸ್ವೀಕರಿಸುವ ಗಣಕ, ಕೂಡಿಡುವ ಜಾಗ, ಹೊಲದಂಚಿನ ಸಾಧನದೊಳಗಿನ ಬ್ಯಾಟರಿ ಎಲ್ಲಕ್ಕೂ ಖರ್ಚಿದೆ. ಅಳೆಯುವ ಕೆಲಸವೂ ಒಂದು ಬಳಕೆಯೇ. ಇಂದು ಲಕ್ಷಾಂತರ ಸರ್ವರ್‌ಗಳ ಮೇಲೆ ಕಣ್ಣಿಡುವ ಕ್ಲೌಡ್ ಉಸ್ತುವಾರಿ ಸೇವೆಗಳು ತಮ್ಮ ಗ್ರಾಹಕರಿಗೆ ‘ನ್ಯಾಯಯುತ ಬಳಕೆಯ ಮಿತಿ’ ಹಾಕುವುದು ಇದೇ ಕಾರಣಕ್ಕೆ. ಕಂಪನಿಗಳ ಕರಾರುಪತ್ರದ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುವ ಈ ಮಾತಿಗೆ ದೊಡ್ಡ ಚರಿತ್ರೆಯೇ ಇದೆ.

ತೂಬಿನ ಬಳಿ ನಿಂತವನು

ಈ ಚರಿತ್ರೆಯನ್ನು ಗಣಕದಿಂದ ಆರಂಭಿಸುವುದು ವಾಡಿಕೆ. ನಮ್ಮ ಬಯಲುಸೀಮೆಯವರು ಕೆರೆಯಿಂದ ಆರಂಭಿಸಬಹುದು. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತುವ, ಇಳಿಸುವ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ ನೀರುಗಂಟಿಯದು. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರೆಲ್ಲ ಅವನಿಗೆ ಧಾನ್ಯದ ಪಾಲು ಕೊಡುತ್ತಿದ್ದರು. ಎಲ್ಲರಿಂದ ಕೂಲಿ ಪಡೆಯುವವನು ಎಲ್ಲರಿಗೂ ಉತ್ತರ ಹೇಳಬೇಕಾಗುತ್ತದೆ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಲೆಕ್ಕ ಸಡಿಲ. ನೀರು ಕಡಿಮೆಯಾದ ವರ್ಷ ಸರದಿ ಬಿಗಿ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಮಿತಿ ಹಾಕುವವನೂ ನೀರಿನ ಮಟ್ಟ ನೋಡುವವನೂ ಒಬ್ಬನೇ. ಎರಡು, ಮಿತಿ ಎಂದರೆ ಸದಾ ಒಂದೇ ಸಂಖ್ಯೆಯಲ್ಲ, ಇರುವ ನೀರಿಗೆ ತಕ್ಕಂತೆ ಅದು ಬದಲಾಗುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಬಹಳ ಹೊಗಳಬೇಕಾಗಿಲ್ಲ. ಅಚ್ಚುಕಟ್ಟಿನಲ್ಲಿ ಭೂಮಿ ಇಲ್ಲದವನಿಗೆ ಗದ್ದೆಯ ನೀರಿನಲ್ಲಿ ಪಾಲೇ ಇರಲಿಲ್ಲ. ಇರುಳು ನಿದ್ದೆಗೆಟ್ಟು ಕಾಲುವೆ ಕಾಯುವ ನೀರುಗಂಟಿ ಹಲವು ಊರುಗಳಲ್ಲಿ ದಲಿತನಾಗಿದ್ದ. ಯಾವ ‘ನ್ಯಾಯಯುತ’ ಮಿತಿಯನ್ನು ಕಂಡರೂ, ಯಾರ ನಡುವೆ ನ್ಯಾಯ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ, ಎಲ್ಲರಿಗೂ ಸೇರಿದ ಗೋಮಾಳ ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದರು. ಎಲಿನಾರ್ ಆಸ್ಟ್ರಮ್ ಇದನ್ನು ಒಪ್ಪಲಿಲ್ಲ. ನೀರಾವರಿ ಕಾಲುವೆ, ಕಾಡು, ಮೀನುಗಾರಿಕೆಯಂಥ ಸಾಮಾನ್ಯ ಸಂಪತ್ತನ್ನು ಜನ ತಾವೇ ನಿಯಮ ಮಾಡಿಕೊಂಡು ಶತಮಾನಗಳ ಕಾಲ ಕಾಪಾಡಿಕೊಂಡ ಉದಾಹರಣೆಗಳನ್ನು ಅವರು ಕಲೆಹಾಕಿ 1990ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಅವರು ಪಟ್ಟಿ ಮಾಡಿದ ನಿಯಮಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ: ಬಳಕೆಯ ಮೇಲೆ ನಿಗಾ ಇಡುವವರು ಬಳಕೆದಾರರಿಗೇ ಉತ್ತರದಾಯಿಗಳಾಗಿರಬೇಕು, ತಪ್ಪಿದವರಿಗೆ ಶಿಕ್ಷೆ ಹಂತಹಂತವಾಗಿ ಏರಬೇಕು, ಮೊದಲ ತಪ್ಪಿಗೇ ತೂಬು ಮುಚ್ಚಬಾರದು.

ತಂತಿಯ ಮೇಲಿನ ನೂಕುನುಗ್ಗಲು

ಯಂತ್ರಗಳ ಲೋಕದಲ್ಲಿ ಈ ಪ್ರಶ್ನೆ ಮೊದಲು ಎದುರಾದದ್ದು ದೂರವಾಣಿಗೆ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1909 ಮತ್ತು 1917ರ ಲೇಖನಗಳಲ್ಲಿ, ಇಷ್ಟು ಕರೆಗಳು ಬರುವ ಕಡೆ ಎಷ್ಟು ತಂತಿಗಳಿರಬೇಕು ಎಂಬುದಕ್ಕೆ ಸೂತ್ರ ಕೊಟ್ಟರು. ಎಲ್ಲ ಚಂದಾದಾರರೂ ಒಂದೇ ಹೊತ್ತಿಗೆ ಮಾತನಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಅಂತರಜಾಲ, ವಿದ್ಯುತ್ತು, ಕ್ಲೌಡ್ ಎಲ್ಲವೂ ಇಂದಿಗೂ ಅದೇ ನಂಬಿಕೆಯ ಮೇಲೆ ವ್ಯಾಪಾರ ಮಾಡುತ್ತವೆ. ಅದು ಸುಳ್ಳಾಗುವ ದಿನ ಯಾವುದು? ಪ್ರವಾಹ, ಭೂಕಂಪ, ಪರೀಕ್ಷೆಯ ಫಲಿತಾಂಶದ ದಿನ.

ಗಣಕದ ಸಮಯ ಹಂಚುವ ಪ್ರಯತ್ನ 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫಲ ನೀಡಿತು. ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಬಹುದಿತ್ತು. ಹೆಚ್ಚು ಹೊತ್ತು ಹಿಡಿಯುವ ಕೆಲಸ ತಾನಾಗಿ ಸರದಿಯಲ್ಲಿ ಹಿಂದೆ ಸರಿಯುತ್ತಿತ್ತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ರಂಧ್ರಪತ್ರಗಳ ಕಟ್ಟನ್ನು ಕೊಟ್ಟು ಮಾರನೆಯ ದಿನ ಉತ್ತರಕ್ಕಾಗಿ ಕಾದವರು ಇಂದಿನ ಹಿರಿಯ ಅಧ್ಯಾಪಕರಲ್ಲಿ ಈಗಲೂ ಸಿಗುತ್ತಾರೆ. ಕೇಳಿ ನೋಡಿ, ಅವರ ಬಳಿ ಒಳ್ಳೆಯ ಕಥೆಗಳಿರುತ್ತವೆ.

ನಿಜವಾದ ಆಘಾತ ಬಂದದ್ದು 1986ರ ಅಕ್ಟೋಬರ್‌ನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ಇರುವ ದೂರ ಸುಮಾರು 400 ಗಜ. ಅವುಗಳ ನಡುವಣ ಜಾಲದ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಂಟುನೂರರಲ್ಲಿ ಒಂದು ಪಾಲು! ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕಳುಹಿಸಿದ್ದು ತಲಪಲಿಲ್ಲವೆಂದು ಪ್ರತಿಯೊಂದು ಗಣಕವೂ ಮತ್ತೆ ಮತ್ತೆ ಕಳುಹಿಸುತ್ತಿತ್ತು, ಆ ಮರುಕಳುಹಿಕೆಯೇ ದಾರಿಯನ್ನು ಇನ್ನಷ್ಟು ಕಟ್ಟಿಹಾಕುತ್ತಿತ್ತು. ದಾರಿ ತುಂಬಿದೆ ಎಂದು ಕಂಡಾಗ ಕಳುಹಿಸುವವರೇ ಹಿಂದೆ ಸರಿಯಬೇಕು ಎಂಬ ಪರಿಹಾರವನ್ನು ವ್ಯಾನ್ ಜೇಕಬ್‌ಸನ್ 1988ರಲ್ಲಿ ವಿವರಿಸಿದರು. ಅದಕ್ಕೂ ಮೊದಲೇ, 1985ರಲ್ಲಿ ಜಾನ್ ನೇಗಲ್ ಇನ್ನೊಂದು ದಾರಿ ಸೂಚಿಸಿದ್ದರು: ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸದೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಿ, ಸುತ್ತುಸರದಿಯಲ್ಲಿ ಒಂದೊಂದು ಪೊಟ್ಟಣ ಬಿಡುವುದು. ಆಗ ಅತಿಯಾಗಿ ಕಳುಹಿಸುವವನ ಸಾಲು ಮಾತ್ರ ಬೆಳೆಯುತ್ತದೆ. ಇದನ್ನು 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಗಣಿತದ ಬಿಗಿಯೊಂದಿಗೆ ಬೆಳೆಸಿದರು.

ಮನೆಮನೆಗೆ ಬಂದ ಮಿತಿಯನ್ನು ನೀವು ಬಲ್ಲಿರಿ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಆರಂಭಿಸಿದ ಮೇಲೆ ಅದರ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ವರೆಗಿನ ಬಳಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಷ್ಟೋ ಮಂದಿ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಕಡತ ಇಳಿಸಿಕೊಂಡರು. ಮೂರು ಫೇಸ್ ವಿದ್ಯುತ್ತಿಗಾಗಿ ನಡುರಾತ್ರಿ ಎದ್ದು ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋಗುವ ರೈತರನ್ನು ಕಂಡವರಿಗೆ ಇದು ಹೊಸತೆನಿಸಿರಲಾರದು. ಮುಂದೆ, ಮಿತಿ ದಾಟಿದವರ ವೇಗವನ್ನು ತೀರಾ ಇಳಿಸುವ ಪದ್ಧತಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕಡಿವಾಣ ಹಾಕಿತು. ಸ್ಥಿರ ಬ್ರಾಡ್‌ಬ್ಯಾಂಡಿನ ವೇಗವನ್ನು ಸೆಕೆಂಡಿಗೆ 512 ಕಿಲೋಬಿಟ್‌ಗಿಂತ ಕೆಳಗೆ ತರುವಂತಿಲ್ಲ ಎಂದು 2016ರಲ್ಲಿ ಅದು ನಿರ್ದೇಶಿಸಿತು. ತೂಬನ್ನು ತಗ್ಗಿಸಬಹುದು, ಪೂರ್ತಿ ಮುಚ್ಚುವಂತಿಲ್ಲ ಎಂಬ ಹಾಗೆ.

ನಿಗಾ ಸೇವೆಯೇ ಸರಕಾದಾಗ

ಗಣಕ ಜಾಲಗಳ ಮೇಲೆ ನಿಗಾ ಇಡಲು ಒಂದು ಸಾಮಾನ್ಯ ಭಾಷೆ 1988ರಲ್ಲಿ ರೂಪುಗೊಂಡಿತು. ಅದರ ಹೆಸರು ಎಸ್‌ಎನ್‌ಎಂಪಿ. 1994-95ರ ವೇಳೆಗೆ ಟೋಬಿ ಓಟಿಕರ್ ಎಂಬ ಯುವಕ, ತನ್ನ ಸಂಸ್ಥೆಯ ಏಕೈಕ 64 ಕಿಲೋಬಿಟ್ ತಂತಿ ಎಷ್ಟು ತುಂಬಿದೆ ಎಂದು ಎಲ್ಲರಿಗೂ ತೋರಿಸಲು ಎಂಆರ್‌ಟಿಜಿ ಎಂಬ ಸಣ್ಣ ತಂತ್ರಾಂಶ ಬರೆದ. ಅದು 5 ನಿಮಿಷಕ್ಕೊಮ್ಮೆ ಅಳೆಯುತ್ತಿತ್ತು. ದಿನದ ನಕ್ಷೆಯಲ್ಲಿ 5 ನಿಮಿಷದ ಸರಾಸರಿ, ವಾರದ್ದರಲ್ಲಿ ಅರ್ಧ ಗಂಟೆಯದು, ತಿಂಗಳದ್ದರಲ್ಲಿ 2 ಗಂಟೆಯದು, ವರ್ಷದ್ದರಲ್ಲಿ ಒಂದು ದಿನದ್ದು. 1999ರಲ್ಲಿ ಅವನೇ ತಂದ ಆರ್‌ಆರ್‌ಡಿಟೂಲ್ ಈ ವಿಚಾರವನ್ನು ಪೂರ್ಣಗೊಳಿಸಿತು: ಕಡತದ ಗಾತ್ರ ಮೊದಲೇ ನಿಗದಿ, ಹೊಸ ಅಂಕಿ ಬಂದಂತೆ ಹಳೆಯವು ಸರಾಸರಿಯಾಗಿ ಕುಗ್ಗುತ್ತವೆ, ಎಷ್ಟು ವರ್ಷ ನಡೆದರೂ ಕಡತ ಒಂದು ಬೈಟ್ ಕೂಡ ಬೆಳೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ. ಬಳಕೆದಾರನಿಗೆ ಹೊರಗಿನಿಂದ ಮಿತಿ ಹೇರುವ ಬದಲು ಸಾಧನದ ರಚನೆಯಲ್ಲೇ ಮಿತಿ ಕೂತಿದೆ.

2006ರಲ್ಲಿ ಅಮೆಜಾನ್ ಸಂಗ್ರಹಣೆಯನ್ನೂ ಗಣಕಗಳನ್ನೂ ಗಂಟೆಯ ಲೆಕ್ಕದಲ್ಲಿ, ಗಾತ್ರದ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. ಬಾಡಿಗೆಯ ಯಂತ್ರವನ್ನು ನೀವು ಕಣ್ಣಾರೆ ಕಾಣಲಾರಿರಿ, ಆದ್ದರಿಂದ ಅದು ಬದುಕಿದೆಯೇ, ಬಳಲಿದೆಯೇ ಎಂದು ಹೇಳುವ ಸೇವೆಯೂ ಬೇಕಾಯಿತು. 2009ರಲ್ಲಿ ಅದೇ ಕಂಪನಿಯ ಕ್ಲೌಡ್‌ವಾಚ್ ಬಂತು. ಬಾಡಿಗೆ ಗಣಕವನ್ನು 5 ನಿಮಿಷಕ್ಕೊಮ್ಮೆ ನೋಡುವುದು ಅಲ್ಲಿ ಉಚಿತ, ನಿಮಿಷಕ್ಕೊಮ್ಮೆ ನೋಡಬೇಕಾದರೆ ಹಣ. ನಿಮಿಷದ ಅಂಕಿಗಳು 15 ದಿನ ಉಳಿಯುತ್ತವೆ, 5 ನಿಮಿಷದವು 63 ದಿನ, ಗಂಟೆಯವು 455 ದಿನ. ಓಟಿಕರನ ಕಡತವೇ ದೊಡ್ಡದಾಗಿ ಬೆಳೆದು ನಿಂತಂತಿದೆ, ಅಲ್ಲವೇ?

ಇಂಥ ಸೇವೆಗಳು ಹಾಕುವ ಮಿತಿಗಳಲ್ಲಿ ಸುಲಭವಾಗಿ ಅರ್ಥವಾಗದ್ದು ‘ಸರಣಿಗಳ ಸಂಖ್ಯೆ’ಯ ಮಿತಿ. ನಮ್ಮ 6,500 ಮಳೆಮಾಪಕಗಳು ತಲಾ ನಾಲ್ಕು ಅಂಶಗಳನ್ನು, ಎಂದರೆ ಮಳೆ, ಬ್ಯಾಟರಿಯ ವೋಲ್ಟೇಜ್, ಸಿಗ್ನಲ್‌ನ ಬಲ, ಪೆಟ್ಟಿಗೆಯೊಳಗಿನ ಉಷ್ಣತೆಯನ್ನು ಕಳುಹಿಸುತ್ತವೆ ಎಂದುಕೊಳ್ಳಿ. ಸರಣಿಗಳು 26,000. ಅತಿ ಉತ್ಸಾಹದ ಇಂಜಿನಿಯರೊಬ್ಬ ಪ್ರತಿ ಸಂದೇಶದ ಕ್ರಮಸಂಖ್ಯೆಯನ್ನೂ ಗುರುತುಚೀಟಿಯಾಗಿ ಅಂಟಿಸಿದನೆನ್ನಿ. ಆಗ ಪ್ರತಿ ಸಂದೇಶವೂ ನಾಲ್ಕು ಹೊಸ ಸರಣಿಗಳಾಗಿ, ದಿನಕ್ಕೆ ಸುಮಾರು 25 ಲಕ್ಷ ಸರಣಿಗಳು ಹುಟ್ಟುತ್ತವೆ, ಪ್ರತಿಯೊಂದರಲ್ಲೂ ಒಂದೇ ಅಂಕಿ! ಓದುವವರಿಂದಲೂ ಹೀಗೇ ಪೋಲಾಗುತ್ತದೆ. 15 ನಿಮಿಷಕ್ಕೊಮ್ಮೆ ಬದಲಾಗುವ ಅಂಕಿಯನ್ನು ಗೋಡೆಯ ಪರದೆಯೊಂದು 5 ಸೆಕೆಂಡಿಗೊಮ್ಮೆ ಕೇಳಿದರೆ, ಒಂದು ಹೊಸ ಉತ್ತರಕ್ಕೆ 180 ಪ್ರಶ್ನೆಗಳು.

ಮಿತಿ ಮೀರಿದವರಿಗೆ ಸರ್ವರ್ ಏನು ಹೇಳಬೇಕು? 2012ರ ಏಪ್ರಿಲ್‌ನಲ್ಲಿ ಅದಕ್ಕೊಂದು ಸಂಖ್ಯೆ ನಿಗದಿಯಾಯಿತು: 429. ‘ತೀರಾ ಹೆಚ್ಚು ಕೋರಿಕೆಗಳು’ ಎಂದು ಅದರ ಅರ್ಥ. ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಜೊತೆಗೇ ತಿಳಿಸಲು ಅವಕಾಶವಿದೆ. ಬೈದು ಅಟ್ಟುವುದಕ್ಕೂ ‘ಅರ್ಧ ಗಂಟೆ ಬಿಟ್ಟು ಬನ್ನಿ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು.

ಬಕೆಟ್ಟಿನ ಗಣಿತ

ಯಾರು ಮಿತಿ ಮೀರಿದರು ಎಂದು ನಿರ್ಧರಿಸುವ ಉಪಾಯ 1986ರಲ್ಲಿ ಜೊನಾಥನ್ ಟರ್ನರ್ ಹೇಳಿದ ‘ಸೋರುವ ಬಕೆಟ್’. ಅದರ ಸೋದರ ‘ಟೋಕನ್ ಬಕೆಟ್’ ಇಂದು ಹೆಚ್ಚು ಬಳಕೆಯಲ್ಲಿದೆ. ಒಂದು ಕೆರೆಯನ್ನು ಕಲ್ಪಿಸಿಕೊಳ್ಳಿ. ಅದಕ್ಕೆ ಸದಾ ಒಂದೇ ಗತಿಯಲ್ಲಿ ಒಳಹರಿವಿದೆ. ಪ್ರತಿ ಸಂದೇಶ ಬಂದಾಗಲೂ ಒಂದು ಬಿಂದಿಗೆ ನೀರು ಖರ್ಚಾಗುತ್ತದೆ. ಬಳಸದೆ ಉಳಿದದ್ದು ಕೆರೆಯಲ್ಲಿ ಕೂಡುತ್ತದೆ, ಕೆರೆ ತುಂಬಿದ ಮೇಲೆ ಕೋಡಿ ಬಿದ್ದು ಹೋಗುತ್ತದೆ. ಕೆರೆ ಬರಿದಾದಾಗ ಬಂದವರಿಗೆ 429.

ಲೆಕ್ಕ ಮಾಡೋಣ. ಇದು ನಾನೇ ಕಲ್ಪಿಸಿಕೊಂಡ ಸೇವೆಯ ಲೆಕ್ಕ, ಯಾವ ಕೇಂದ್ರದ್ದೂ ಅಲ್ಲ. ಒಳಹರಿವು ಸೆಕೆಂಡಿಗೆ 10, ಕೆರೆಯ ಸಾಮರ್ಥ್ಯ 6,000. ನಮ್ಮ 6,500 ಮಳೆಮಾಪಕಗಳು 900 ಸೆಕೆಂಡಿಗೆ ಒಂದೊಂದು ಸಂದೇಶ ಕಳುಹಿಸುವುದರಿಂದ ಸರಾಸರಿ ಬಳಕೆ ಸೆಕೆಂಡಿಗೆ 7.2 ಮಾತ್ರ. ಮಿತಿಯೊಳಗೇ ಇದ್ದೇವೆ ಎಂದು ನಿಶ್ಚಿಂತರಾಗಬಹುದೇ? ಎಲ್ಲ ಗಡಿಯಾರಗಳೂ ಸರಿಯಾಗಿದ್ದು ಎಲ್ಲ ಸಾಧನಗಳೂ ಸರಿಯಾಗಿ 8 ಗಂಟೆ 45 ನಿಮಿಷಕ್ಕೇ ಕಳುಹಿಸಿದರೆ, ಕೆರೆ ತುಂಬಿದ್ದರೂ 500 ಸಂದೇಶಗಳು ತಿರಸ್ಕೃತವಾಗುತ್ತವೆ! ಅದೇ ಸಂದೇಶಗಳನ್ನು 10 ನಿಮಿಷಗಳ ಉದ್ದಕ್ಕೂ ಚೆಲ್ಲಿದರೆ ಸೆಕೆಂಡಿಗೆ 10.8 ಬರುತ್ತವೆ, ಕೆರೆಯಿಂದ ಹೆಚ್ಚುವರಿಯಾಗಿ ಹೋಗುವುದು ಸುಮಾರು 500 ಬಿಂದಿಗೆ ಅಷ್ಟೇ, ಯಾರೂ ತಿರಸ್ಕೃತರಲ್ಲ. ಚೆಲ್ಲುವುದು ಹೇಗೆ? ಪ್ರತಿ ಸಾಧನವೂ ಒಂದೊಂದು ಯಾದೃಚ್ಛಿಕ ಸಂಖ್ಯೆಯಷ್ಟು ಸೆಕೆಂಡು ಕಾಯುವುದು. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ರೇಡಿಯೋ ಮೂಲಕ ಗಣಕಗಳನ್ನು ಬೆಸೆದ ಅಲೋಹಾ ಜಾಲದಲ್ಲೇ ಈ ಉಪಾಯವಿತ್ತು. ಇಬ್ಬರು ಒಟ್ಟಿಗೆ ಮಾತನಾಡಿ ಗೊಂದಲವಾದರೆ, ಇಬ್ಬರೂ ಬೇರೆ ಬೇರೆ ಹೊತ್ತು ಸುಮ್ಮನಿದ್ದು ಮತ್ತೆ ಪ್ರಯತ್ನಿಸುವುದು. ಈ ಪಾಠ ಮರೆತು ಕಟ್ಟಿದ ವ್ಯವಸ್ಥೆಗಳು ಇಂದೂ ಕುಸಿಯುತ್ತವೆ.

ಈಗ ಕಷ್ಟದ ಭಾಗ. ಹಸ್ತದ ಮಳೆಯ ಒಂದು ಸಂಜೆ ಸಿಡಿಲಿಗೆ ಸಂಪರ್ಕ ಕಡಿದು, ಎರಡು ಗಂಟೆ ಯಾವ ಸಂದೇಶವೂ ಕೇಂದ್ರ ತಲಪಲಿಲ್ಲವೆನ್ನಿ. ಪ್ರತಿ ಸಾಧನದಲ್ಲೂ 8 ಸಂದೇಶಗಳು ಉಳಿದಿವೆ, ಒಟ್ಟು 52,000. ಸಂಪರ್ಕ ಮರಳಿದಾಗ ತುಂಬಿದ ಕೆರೆ 6,000 ಸಂದೇಶಗಳನ್ನು ತಕ್ಷಣ ಒಪ್ಪುತ್ತದೆ. ಉಳಿದ 46,000ಕ್ಕೆ ಸಿಗುವುದು ಹೊಸ ಸಂದೇಶಗಳು ಬಿಟ್ಟ ಜಾಗ, ಅಂದರೆ ಸೆಕೆಂಡಿಗೆ 2.8. ಭಾಗಿಸಿ ನೋಡಿ: ನಾಲ್ಕೂವರೆ ಗಂಟೆಗೂ ಮೇಲೆ! ಮಳೆಯ ಲೆಕ್ಕ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ, ಹಳ್ಳ ಏರುತ್ತಿರುವಾಗಲೇ, ನ್ಯಾಯಯುತ ಮಿತಿ ಅಡ್ಡ ನಿಲ್ಲುತ್ತದೆ. ಮಿತಿಯನ್ನೇ ತೆಗೆದುಹಾಕಿದರೆ 1986ರ ಕಥೆ ಮರುಕಳಿಸುತ್ತದೆ.

ಎಂಟು ಅಳತೆಗಳನ್ನು ಒಂದೇ ಸಂದೇಶದಲ್ಲಿ ಕಟ್ಟಿ ಕಳುಹಿಸಿದರೆ 52,000 ಹೋಗಿ 6,500 ಆಗುತ್ತದೆ. ಹೊಸ ಅಳತೆ ಮೊದಲು, ಹಳೆಯವು ಬಿಡುವಾದಾಗ ಎಂಬ ಕ್ರಮ ಇಡಬಹುದು. ತುರ್ತು ಸಂದೇಶಗಳಿಗೆಂದೇ ಕೆರೆಯ ತಳದಲ್ಲಿ ಸ್ವಲ್ಪ ನೀರನ್ನು ಮೀಸಲಿಡಬಹುದು. ಈ ಕೊನೆಯದರಲ್ಲಿ ಮಾತ್ರ ‘ಯಾವುದು ತುರ್ತು’ ಎಂದು ಯಾರು ಹೇಳಬೇಕು ಎಂಬ ಹಳೆಯ ಜಗಳ ಮತ್ತೆ ತಲೆ ಎತ್ತುತ್ತದೆ. ಅಲ್ಲಿ ಗಣಿತ ಹೆಚ್ಚು ಸಹಾಯ ಮಾಡದು.

ಕಳೆದುಹೋದ ಒಂದು ಮಿಲಿಮೀಟರು

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರಿಗೆ ಊರ್ಡಿಗೆರೆಯಂಥ ಹೋಬಳಿಯ ರಾಗಿ ಹೊಲದಿಂದ ಉತ್ತರ ಹೇಳಬಹುದು. 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ಹವಾಮಾನ ಇಲಾಖೆ ಅದನ್ನು ‘ಮಳೆಯ ದಿನ’ ಎನ್ನುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಾಪಕಗಳ ಅಂಕಿಗಳಿಂದಲೇ, ಹೊಲಕ್ಕೆ ಬಂದು ಯಾರೂ ಬೆಳೆ ನೋಡುವುದಿಲ್ಲ. ದಿನದ ಒಟ್ಟು ಮಳೆ 3 ಮಿಲಿಮೀಟರ್ ಆಗಿದ್ದು, ಅದರಲ್ಲಿ 1 ಮಿಲಿಮೀಟರ್ ಹೊತ್ತ ಒಂದೇ ಒಂದು ಸಂದೇಶ 429ಕ್ಕೆ ಸಿಕ್ಕಿ ಕಳೆದುಹೋದರೆ, ದಾಖಲೆಯಲ್ಲಿ ಆ ದಿನ ಒಣ ದಿನ. ಒಂದು ಕಡೆ ರೈತನಿಗೆ ಲಾಭವಾಗಬಹುದು, ಇನ್ನೊಂದು ಕಡೆ ನಷ್ಟ. ಎರಡೂ ಕಡೆ ಲೆಕ್ಕ ಸುಳ್ಳು.

ಇದಕ್ಕೆ ಮದ್ದು 1988ರ ಎಸ್‌ಎನ್‌ಎಂಪಿಯಲ್ಲೇ ಇತ್ತು. ಅದರಲ್ಲಿ ಜಾಲಸಾಧನವು ‘ಕಳೆದ 5 ನಿಮಿಷದಲ್ಲಿ ಇಷ್ಟು ಬೈಟ್’ ಎನ್ನುವುದಿಲ್ಲ, ‘ನಾನು ಆರಂಭವಾದಂದಿನಿಂದ ಒಟ್ಟು ಇಷ್ಟು’ ಎನ್ನುತ್ತದೆ. ಕಳೆಯುವ ಲೆಕ್ಕ ಕೇಳುವವರದು. ಮಳೆಮಾಪಕವನ್ನೂ ಹೀಗೆ ಮಾತನಾಡಿಸಬಹುದು. ಇಂಥ ಸಾಧನಗಳ ಒಳಗೆ ಸಾಮಾನ್ಯವಾಗಿ ತಕ್ಕಡಿಯಂತೆ ಅತ್ತಿತ್ತ ವಾಲುವ ಪುಟ್ಟ ಬೋಗುಣಿ ಜೋಡಿ ಇರುತ್ತದೆ. ಒಂದು ತುಂಬಿದಾಗ ವಾಲಿ ಬರಿದಾಗುತ್ತದೆ, ಎಣಿಕೆ ಒಂದು ಏರುತ್ತದೆ. ‘ಕಳೆದ 15 ನಿಮಿಷದಲ್ಲಿ 2 ಬಾರಿ ವಾಲಿತು’ ಎಂದು ಹೇಳುವ ಬದಲು ‘ಬೆಳಿಗ್ಗೆ ಎಂಟೂವರೆಯಿಂದ ಈವರೆಗೆ 6 ಬಾರಿ’ ಎಂದರೆ ಆಯಿತು. ಸಂದೇಶದ ಉದ್ದ ಅಷ್ಟೇ, ಬ್ಯಾಟರಿಯ ಖರ್ಚು ಅಷ್ಟೇ. ನಡುವಿನ ನಾಲ್ಕು ಸಂದೇಶಗಳು ದಾರಿಯಲ್ಲಿ ಬಿದ್ದುಹೋದರೂ ಐದನೆಯದು ಬಂದ ಕೂಡಲೇ ದಿನದ ಮೊತ್ತ ಸರಿಹೋಗುತ್ತದೆ. ಯಾವ ಕಾಲು ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬ ವಿವರ ಮಾತ್ರ, ಸಾಧನದ ಸ್ಮೃತಿಯಿಂದ ತಡವಾಗಿ ಬರುವವರೆಗೆ, ಖಾಲಿ ಉಳಿಯುತ್ತದೆ.